ಸೆವ್ರಿನ್ ಬಾಯಿಯ ಬಿನ್ನಹ

ನರಸಿಂಹರಾಜಪುರದ ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಸೆವ್ರಿನ್ ಬಾಯಿಗೆ ದೇವರು ಎರಡು ವರ ಕೊಟ್ಟಿದ್ದಾನೆ ಅಂತ ಚರ್ಚಿನ ಹೆಂಗಸರು ಹೇಳುತ್ತಿದ್ದರು. ಒಂದು ಕತ್ತರಿ ಹಿಡಿಯುವ ಕೈ, ಇನ್ನೊಂದು ಪ್ರಾರ್ಥನೆಗೆ ತೆರೆಯುವ ಬಾಯಿ. ಕತ್ತರಿಯ ಮಾತು ಹಾಗಿರಲಿ, ಚೆಂದವಾಗಿ ರವಿಕೆ ಹೊಲಿಯುವವರು ಊರಲ್ಲಿ ಬೇರೆಯವರೂ ಇದ್ದರು. ಪ್ರಾರ್ಥನೆಯಲ್ಲಿ ಮಾತ್ರ ಅವಳ ಸರಿಸಮ ಯಾರೂ ಇರಲಿಲ್ಲ.

ಚರ್ಚಿನ ಸುತ್ತಿನ ಹತ್ತಿಪ್ಪತ್ತು ಮನೆಯವರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಜಪಸರ, ಅಂದರೆ ಜಪಮಾಲೆಯ ಪ್ರಾರ್ಥನೆ, ಮಾಡುವ ರೂಢಿ. ಕೊಂಕಣಿಯವರು, ಮಲಯಾಳದವರು, ಎಸ್ಟೇಟಿಗೆ ಬಂದು ನೆಲೆನಿಂತ ತಮಿಳಿನವರು ಎಲ್ಲ ಇದ್ದದ್ದರಿಂದ ಪ್ರಾರ್ಥನೆ ಕನ್ನಡದಲ್ಲೇ ನಡೆಯುತ್ತಿತ್ತು. ಜಪಸರ ಮುಗಿದ ಮೇಲೆ ಬಿನ್ನಹದ ಹೊತ್ತು. ಯಾರಿಗೆ ಏನು ಕೇಳಿಕೊಳ್ಳಬೇಕೋ ಅದನ್ನು ಗಟ್ಟಿಯಾಗಿ ಹೇಳಬೇಕು, ಉಳಿದವರು "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಅನ್ನಬೇಕು. ಬೇರೆ ಹೆಂಗಸರ ಬಿನ್ನಹ ಒಂದೇ ಅಚ್ಚಿನದು: ಕಾಯಿಲೆಯವರಿಗೆ ಗುಣವಾಗಲಿ, ಪರೀಕ್ಷೆ ಬರೆಯುವ ಮಕ್ಕಳು ಪಾಸಾಗಲಿ. ಸೆವ್ರಿನ್ ಬಾಯಿ ಕಣ್ಣುಮುಚ್ಚಿ ಶುರು ಮಾಡಿದಳೆಂದರೆ ಕಾಯಿಲೆಯವನ ಮಂಚ, ಅವನ ತಲೆದೆಸೆಯಲ್ಲಿ ತಣ್ಣಗಾದ ಗಂಜಿ, ಬಾಗಿಲಲ್ಲಿ ನಿಂತ ಹೆಂಡತಿ ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಗಂಡಸರೂ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಇದು ಅವಳಿಗೆ ಗೊತ್ತಿತ್ತು. ಗಂಡ ತೀರಿಹೋಗಿ, ಮಗಳು ಮದುವೆಯಾಗಿ ಮೂಡಬಿದಿರೆ ಸೇರಿದ ಮೇಲೆ ಅವಳ ವಾರದಲ್ಲಿ ಕಾದುಕೊಂಡಿರುವಂಥ ಹೊತ್ತು ಅದೊಂದೇ. ಹೊಲಿಗೆ ಮಿಷನ್ ತುಳಿಯುತ್ತಲೇ ಒಳಗೊಳಗೆ ಮಾತು ಪೋಣಿಸುವಳು. ಈ ಪದ ಬೇಡ, ಅದು ಚೆನ್ನ. ಇಲ್ಲಿ ಸ್ವಲ್ಪ ತಡೆಯಬೇಕು, ಆಮೇಲೆ ಮೆಲ್ಲಗೆ ಹೇಳಬೇಕು. ಈ ಸಂತೋಷವನ್ನು ಅವಳು ಭಕ್ತಿಯೆಂದೇ ತಿಳಿದಿದ್ದಳು. ತಿಳಿದದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಭಕ್ತಿಯೂ ಅದರಲ್ಲಿ ಇತ್ತು.

ಫೆಬ್ರವರಿಯ ಒಂದು ಸಂಜೆ ರೆನಿಟಾ ಅಂಗಡಿಗೆ ಬಂದಳು. ಗೆಳತಿ ಸೆಲೆಸ್ತಿನಳ ಒಬ್ಬಳೇ ಮಗಳು. ಕೊಪ್ಪದ ಒಂದು ಖಾಸಗಿ ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡುವವಳು. ಸೆವ್ರಿನ್ ಬಾಯಿಯ ಕಣ್ಣೆದುರಿಗೆ ಹುಟ್ಟಿ ಬೆಳೆದ ಹುಡುಗಿ. ಸೆವ್ರಿನ್ ಬಾಯಿಯನ್ನು ಅವಳು ಕರೆಯುತ್ತಿದ್ದದ್ದು ಮಾವ್ಶಿ ಅಂತ, ಅಂದರೆ ಚಿಕ್ಕಮ್ಮ.

"ಮಾವ್ಶಿ, ಚೂಡಿದಾರ ಎಲ್ಲ ದೊಗಲೆ ಆಗ್ತಿದೆ. ಸ್ವಲ್ಪ ಹಿಡಿದು ಕೊಡ್ತೀರಾ?"

ಟೇಪು ಸುತ್ತಿ ನೋಡಿದವಳಿಗೆ ಗಾಬರಿಯಾಯಿತು. "ಎಂತ ಮಗಾ ಇದು? ಊಟ ಮಾಡ್ತೀಯೋ ಇಲ್ವೋ? ಎಲ್ಲಿಗೆ ಹೋಯ್ತು ಮೈ?"

ರೆನಿಟಾ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಆಮೇಲೆ ಕನ್ನಡಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಹೋದ ವರ್ಷದಿಂದ ನಿದ್ದೆ ಇಲ್ಲ. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ. ಒಂದು ದಿನ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತಾಗ ಕೈ ನಡುಗಿ ಚಾಕ್‌ಪೀಸು ಬಿತ್ತು, ಎತ್ತಿಕೊಳ್ಳಲೂ ಆಗಲಿಲ್ಲ. ಶಿವಮೊಗ್ಗದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿದಾಳೆ. ಮಾತ್ರೆ ಕೊಟ್ಟಿದ್ದಾರೆ. ಈಗ ಪರವಾಗಿಲ್ಲ, ಮೈ ಇಳಿದದ್ದೊಂದು ಬಿಟ್ಟರೆ ದಿನದಿಂದ ದಿನಕ್ಕೆ ಹಗುರಾಗುತ್ತಿದೆ.

"ಅಮ್ಮನಿಗೆ ಹೇಳಿಲ್ಲ. ಹೇಳಿದ್ರೆ ಅವರು ನನಗಿಂತ ಮೊದಲು ಮಲಗ್ತಾರೆ. ಪೂರ್ತಿ ಸರಿಯಾದ ಮೇಲೆ ನಾನೇ ಹೇಳ್ತೀನಿ. ಸದ್ಯಕ್ಕೆ ನಿಮಗೊಬ್ಬರಿಗೇ ಗೊತ್ತು." ಹೊರಡುವಾಗ ಅವಳ ಕೈ ಹಿಡಿದು ಅಂದಳು, "ನನಗೋಸ್ಕರ ಪ್ರಾರ್ಥನೆ ಮಾಡಿ ಮಾವ್ಶಿ. ನಿಮ್ಮ ಪ್ರಾರ್ಥನೆ ದೇವರು ಕೇಳ್ತಾನೆ."

ಆ ಕೊನೆಯ ಮಾತು ಸೆವ್ರಿನ್ ಬಾಯಿಯ ಎದೆಯಲ್ಲಿ ಬೆಚ್ಚಗೆ ಕೂತಿತು.

ಮುಂದಿನ ಜಪಸರದ ಕೂಟ ಅದೇ ಚರ್ಚಿನ ಅಪೊಲಿನಳ ಮನೆಯಲ್ಲಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ವಾರ, ಜನ ಎಂದಿಗಿಂತ ಹೆಚ್ಚು ಸೇರಿದ್ದರು. ಜಗಲಿಯವರೆಗೂ ಚಾಪೆ ಹಾಸಿದ್ದರು. ಸೆಲೆಸ್ತಿನ್ ಗೋಡೆಗೊರಗಿ ಕೂತಿದ್ದಳು. ಶಾಲೆಯಲ್ಲಿ ವಾರ್ಷಿಕೋತ್ಸವದ ತಯಾರಿ ಅಂತ ರೆನಿಟಾ ಬಂದಿರಲಿಲ್ಲ. ಬಿನ್ನಹಗಳು ಒಂದಾದ ಮೇಲೊಂದು ಮುಗಿದು ಎಲ್ಲರ ಮುಖ ಸೆವ್ರಿನ್ ಬಾಯಿಯ ಕಡೆ ತಿರುಗಿತು. ಅವಳು ಕಣ್ಣು ಮುಚ್ಚಿದಳು.

"ಪ್ರಭುವೇ, ನೂರಾರು ಮಕ್ಕಳ ತಲೆಯಲ್ಲಿ ಬೆಳಕು ಹಚ್ಚುವ ಒಂದು ದೀಪ ನಮ್ಮ ನಡುವೆ ಇದೆ. ಆ ದೀಪಕ್ಕೇ ಈಗ ಗಾಳಿ ಬಡಿದಿದೆ. ಹಗಲೆಲ್ಲ ನಗುವ ನಿನ್ನ ಆ ಮಗಳು ರಾತ್ರಿ ರೆಪ್ಪೆ ಮುಚ್ಚಲಾರಳು. ಅಕ್ಷರ ಬರೆಯುವ ಅವಳ ಕೈ ನಡುಗುತ್ತಿದೆ. ಹೆತ್ತವಳಿಗೂ ಹೇಳಲಾರದೆ, ದೂರದ ಶಿವಮೊಗ್ಗದಲ್ಲಿ, ಮನಸ್ಸಿನ ವೈದ್ಯರ ಬಾಗಿಲಲ್ಲಿ ಒಬ್ಬಳೇ ಕೂತು ತನ್ನ ಸರದಿ ಕಾಯುತ್ತಾಳೆ. ಆ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ನೀನು ಕೂತುಕೋ ಪ್ರಭುವೇ. ಔಷಧಿ ಮುಟ್ಟದ ಗಾಯವನ್ನು ನಿನ್ನ ಬೆರಳು ಮುಟ್ಟಲಿ."

ಆಲಿಸು ಅನ್ನುವಾಗ ಜನರ ದನಿ ಒಡೆದಿತ್ತು. ಯಾರೋ ಮೂಗು ಒರೆಸಿಕೊಂಡರು. ಸೆವ್ರಿನ್ ಬಾಯಿ ಕಣ್ಣು ಬಿಟ್ಟಾಗ ಸೆಲೆಸ್ತಿನ್ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪ್ರಾರ್ಥನೆ ಮುಗಿದು ಚಹಾ ಕೊಡುವಾಗ ಹತ್ತಿರ ಬಂದು, "ಯಾರ ಮಗುವೋ ಪಾಪ. ತಾಯಿಗೂ ಹೇಳದ ಹಾಗೆ ಒಬ್ಬಳೇ ನುಂಗ್ತಾ ಇದೆ," ಅಂದಳು. ಸೆವ್ರಿನ್ ಬಾಯಿ ಅವಳ ಭುಜ ಸವರಿದಳು. ಹೆಸರು ಹೇಳಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡಳು. ಚಹಾದ ಲೋಟ ಹಿಡಿದ ಅಪೊಲಿನ್ ಆಚೆಯಿಂದ ಒಮ್ಮೆ ಸೆಲೆಸ್ತಿನಳನ್ನು, ಒಮ್ಮೆ ಇವಳನ್ನು ನೋಡಿದ್ದು ಆಗ ಅವಳ ಗಮನಕ್ಕೆ ಬರಲಿಲ್ಲ.

ಅಪೊಲಿನಳ ನಾದಿನಿಯ ಮಗ ಓದುತ್ತಿದ್ದದ್ದು ರೆನಿಟಾಳ ಕ್ಲಾಸಿನಲ್ಲೇ. ಟೀಚರ ಕೈ ನಡುಗಿ ಚಾಕ್‌ಪೀಸು ಬಿದ್ದದ್ದನ್ನು ಅವನು ಮನೆಯಲ್ಲಿ ಹೇಳಿದ್ದ.

ಸೆವ್ರಿನ್ ಬಾಯಿಗೆ ಸುದ್ದಿ ಮುಟ್ಟಿಸಿದವಳು ಪಕ್ಕದಲ್ಲಿ ಹೂವು ಮಾರುವ ದೇವಕಿ. ಚರ್ಚಿಗೂ ಅವಳಿಗೂ ಸಂಬಂಧವಿಲ್ಲ. ಮೊಳ ಹಾಕುತ್ತಲೇ ಕೇಳಿದಳು, "ಬಾಯಿ, ನಿಮ್ಮ ಜಾತಿ ಟೀಚರೊಬ್ಬಳಿಗೆ ತಲೆ ಸರಿ ಇಲ್ವಂತೆ, ಹೌದನಾ? ಕೊಪ್ಪದಿಂದ ಬಂದ ನನ್ನ ತಂಗಿ ಹೇಳಿದ್ಲು. ಮಕ್ಕಳ ಅಪ್ಪ ಅಮ್ಮಂದಿರ ವಾಟ್ಸಾಪಿನಲ್ಲಿ ಅದೇ ಅಂತೆ. ಹುಚ್ಚಿನ ಮಾತ್ರೆ ನುಂಗಿ ಪಾಠ ಮಾಡ್ತಾಳೆ, ಮಕ್ಕಳಿಗೆ ಎಂತಾದ್ರೂ ಮಾಡಿದ್ರೆ ಯಾರು ಹೊಣೆ ಅಂತ."

"ಯಾರು ಹೇಳಿದ್ದಂತೆ?"

"ಎಂತದೋ, ನಿಮ್ಮ ಪ್ರಾರ್ಥನೆಯಲ್ಲೇ ಹೇಳಿದ್ರಂತೆ ಮಾರಾಯ್ತಿ. ದೇವರ ಎದುರು ಸುಳ್ಳು ಹೇಳ್ತಾರಾ ಅಂತ ಜನ ನಂಬಿದಾರೆ."

ಸೂಜಿಯ ಕೆಳಗಿದ್ದ ಬಟ್ಟೆ ಅಲ್ಲೇ ಉಳಿಯಿತು. ಸೆವ್ರಿನ್ ಬಾಯಿ ಎದ್ದು ಒಂದು ಲೋಟ ನೀರು ಕುಡಿದಳು. ಇನ್ನೊಂದು ಕುಡಿದಳು. ಅಂಗಡಿ ಬಾಗಿಲು ಹಾಕಿ ಸೆಲೆಸ್ತಿನಳ ಮನೆಗೆ ಹೋಗಬೇಕು ಅಂದುಕೊಂಡಳು. ಅಷ್ಟರಲ್ಲಿ ರೆನಿಟಾಳೇ ಬಂದಳು. ಕೆಲಸದ ದಿನ, ಶಾಲೆಯಲ್ಲಿರಬೇಕಾದ ಹೊತ್ತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ವರ್ಷ ಮುಗಿಯೋವರೆಗೆ ರೆಸ್ಟ್ ತಗೊಳ್ಳಿ ಅಂದ್ರು ಸ್ಕೂಲಲ್ಲಿ. ಆಮೇಲೂ ಬರೋದು ಬೇಡ ಅಂತ ಅದರ ಅರ್ಥ."

"ನಾನು ಹೆಸರು ಹೇಳಿಲ್ಲ ಮಗಾ. ಶಿಲುಬೆಯ ಆಣೆ, ನಿನ್ನ ಹೆಸರು ಬಾಯಲ್ಲಿ ಬಂದಿಲ್ಲ."

"ಇನ್ನೆಂತ ಬಿಟ್ಟಿದ್ರಿ ಮಾವ್ಶಿ? ಟೀಚರ್ ಅಂದ್ರಿ. ಶಿವಮೊಗ್ಗ ಅಂದ್ರಿ. ಕೈ ನಡುಗಿದ್ದು ಅಂದ್ರಿ. ಅದನ್ನ ನಾನು ನಿಮಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ."

"ನೀನೇ ಅಲ್ವಾ ಪ್ರಾರ್ಥನೆ ಮಾಡಿ ಅಂದದ್ದು?"

"ದೇವರ ಹತ್ರ ಹೇಳಿ ಅಂದೆ." ರೆನಿಟಾಳ ತುಟಿ ಬಿಳಿಚಿತ್ತು. "ಅಮ್ಮ ಅಲ್ಲಿ ಕೂತು ಅತ್ತರಂತೆ. ಮನೆಗೆ ಬಂದು ನನಗೇ ಹೇಳಿದ್ರು, ಯಾವುದೋ ಪಾಪದ ಹುಡುಗಿಯ ವಿಷಯ ಅಂತ. ನಾನು ಅನ್ನ ಕಲಸ್ತಾ ಕೇಳಿದೆ. ಈಗ ಅವರಿಗೆ ಗೊತ್ತಾಗಿದೆ. ನಿನ್ನೆಯಿಂದ ನನ್ನ ಮುಖ ನೋಡ್ತಾ ಇಲ್ಲ. ಪರರಿಗೆ ಹೇಳಿದ್ದು ನನಗೆ ಹೇಳಲಿಲ್ಲ ಅನ್ನೋ ಸಂಕಟ ಅವರಿಗೆ. ನಾನು ಎಂತ ಹೇಳಲಿ?"

ಹುಡುಗಿ ಹೋದ ಮೇಲೂ ಸೆವ್ರಿನ್ ಬಾಯಿ ಅದೇ ಜಾಗದಲ್ಲಿ ನಿಂತಿದ್ದಳು.

ಶನಿವಾರ ಪಾಪನಿವೇದನೆಗೆ ಹೋದಳು. ಫಾದರ್ ಹಿಲರಿ ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮೆದು ಮಾತಿನವರು, ಜಾಲರಿಯ ಆಚೆಯಿಂದ ಅವರ ಉಸಿರು ಮಾತ್ರ ಕೇಳುತ್ತಿತ್ತು. ಅವಳು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ, "ಆದರೆ ಫಾದರ್, ಅವಳೇ ಪ್ರಾರ್ಥನೆ ಕೇಳಿದ್ದಳು. ನಾನು ಪ್ರೀತಿಯಿಂದಲೇ ಹೇಳಿದ್ದು," ಅಂದಳು.

"ದೇವರಿಗೆ ಶಿವಮೊಗ್ಗ ಅಂತ ಹೇಳಬೇಕಿತ್ತಾ ಅಮ್ಮ?"

ಅವಳು ಜಾಲರಿಯಿಂದ ಮುಖ ಹಿಂದಕ್ಕೆ ತೆಗೆದಳು.

"ಅವಳು ತಾಯಿಗೆ ಹೇಳಿಲ್ಲ ಅನ್ನೋದು ಅವನಿಗೆ ಗೊತ್ತಿರಲಿಲ್ವಾ? ಅದನ್ನ ಯಾರು ಕೇಳಲಿ ಅಂತ ಹೇಳಿದ್ರಿ?"

ಅವಳಿಗೆ ತಟ್ಟನೆ ಆ ಸಂಜೆ ನೆನಪಾಯಿತು. 'ಹೆತ್ತವಳಿಗೂ ಹೇಳಲಾರದೆ' ಎಂಬ ಮಾತು ಮಿಷನ್ ತುಳಿಯುವಾಗ ಹೊಳೆದದ್ದು. ಹೊಳೆದಾಗ ಆದ ಖುಷಿ. ಅದನ್ನು ಎಲ್ಲಿ ಇಡಬೇಕು ಅಂತ ಎರಡು ದಿನ ಯೋಚಿಸಿದ್ದು. ರವಿಕೆಗೆ ಅಂಚು ಕೂರಿಸುವ ಹಾಗೆ ಒಂದು ಹುಡುಗಿಯ ದುಃಖವನ್ನು ಅವಳು ಕೂರಿಸಿದ್ದಳು. ಯೋಚಿಸದೆ ಆಡಿದ ಮಾತಲ್ಲ ಅದು. ಯೋಚಿಸಿ, ಆರಿಸಿ, ತೂಗಿ ಆಡಿದ ಮಾತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಇದನ್ನ ಹೇಗೆ ಸರಿ ಮಾಡಲಿ ಫಾದರ್?"

"ಸರಿ ಆಗುತ್ತೋ ಇಲ್ವೋ ನನಗೆ ಗೊತ್ತಿಲ್ಲ. ದೇವರು ನಿಮ್ಮನ್ನ ಕ್ಷಮಿಸ್ತಾನೆ, ಅದು ಗೊತ್ತು. ಆದರೆ ಏನು ಮಾಡೋದಿದ್ರೂ ಮೊದಲು ಆ ಹುಡುಗಿಯನ್ನ ಕೇಳಿ. ಅವಳನ್ನ ಕೇಳದೆ ಒಳ್ಳೇದು ಮಾಡೋದಕ್ಕೂ ಹೋಗಬೇಡಿ."

ಕೇಳಲು ಹೋದಳು. ಸೆಲೆಸ್ತಿನಳ ಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು, ಇವಳು ತಟ್ಟಿದ ಮೇಲೆ ಅದೂ ನಿಂತಿತು. ಫೋನು ಮಾಡಿದರೆ ಎತ್ತಲಿಲ್ಲ. ಹೀಗೆ ಒಂದು ವಾರ ಕಳೆಯುವಷ್ಟರಲ್ಲಿ ಅವಳ ಮನಸ್ಸು ತಡೆಯದಾಯಿತು. ಸುಮ್ಮನೆ ಕೂತರೆ ಹುಡುಗಿಯ ಕೆಲಸ ಹೋಗಿಯೇ ಬಿಡುತ್ತದೆ. ಕೆಡಿಸಿದ ಬಾಯಿಯೇ ಕಟ್ಟಲಿ ಅಂತ ನಿಶ್ಚಯಿಸಿ, ಬೆಳಗಿನ ಬಸ್ಸು ಹಿಡಿದು ಕೊಪ್ಪಕ್ಕೆ ಹೊರಟಳು.

ದಾರಿಯುದ್ದಕ್ಕೂ ಮಾತು ಜೋಡಿಸಿದಳು. ತಾನು ಪ್ರಾರ್ಥಿಸಿದ್ದು ಬೇರೆ ಹುಡುಗಿಗಾಗಿ, ಬಾಳೆಹೊನ್ನೂರಿನ ಕಡೆಯವಳು, ಅವಳೂ ಟೀಚರೇ, ಜನ ತಪ್ಪು ತಿಳಿದರು. ಸುಳ್ಳು ಹೌದು. ಆದರೆ ಒಂದು ಜೀವ ಉಳಿಸುವ ಸುಳ್ಳು. ಜೋಡಿಸುತ್ತ ಜೋಡಿಸುತ್ತ ಆ ಹುಡುಗಿಗೆ ಒಂದು ಮುಖವೂ ಬಂತು, ಮುಡಿದ ಕನಕಾಂಬರವೂ ಬಂತು. ಮಾತಿಗೆ ಅವಳಲ್ಲಿ ಎಂದೂ ಬರ ಇರಲಿಲ್ಲ.

ಶಾಲೆಯ ಕಾರ್ಯದರ್ಶಿ ಪ್ರಸನ್ನಕುಮಾರ್ ಕೆಟ್ಟವರೇನಲ್ಲ. ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು. "ರೆನಿಟಾ ಮೇಡಂ ಬಗ್ಗೆ ನಮಗೂ ಬೇಜಾರಿದೆ ಅಮ್ಮ. ಮಕ್ಕಳು ಅವರನ್ನ ಬಿಟ್ಟಿರಲ್ಲ. ಆದರೆ ಪೇರೆಂಟ್ಸ್ ದಿನಾ ಬಂದು ಕೂರ್ತಾರೆ. ನಾನು ಎಷ್ಟು ಜನಕ್ಕೆ ಉತ್ತರ ಕೊಡಲಿ?"

"ಅದಕ್ಕೇ ಬಂದೆ ಸಾರ್. ಅದೆಲ್ಲ ತಪ್ಪು ತಿಳುವಳಿಕೆ. ಆವತ್ತು ಪ್ರಾರ್ಥನೆ ಮಾಡಿದವಳು ನಾನೇ. ನಾನು ಹೇಳಿದ್ದು ಬೇರೆ ಹುಡುಗಿಯ ವಿಷಯ."

ಅವರ ಮುಖ ಬಿಚ್ಚಿಕೊಂಡಿತು. "ಹೌದಾ? ಹಾಗಿದ್ರೆ ಒಳ್ಳೇದೇ ಆಯ್ತಲ್ಲ. ಯಾರು ಆ ಹುಡುಗಿ? ಯಾವ ಸ್ಕೂಲು? ಯಾರಾದ್ರೂ ಕೇಳಿದ್ರೆ ನಾನು ಹೇಳಬೇಕಾಗುತ್ತೆ."

ಹೇಳಲು ಬಾಯಿ ತೆರೆದಳು. ಬಾಳೆಹೊನ್ನೂರು ಅಂತ ನಾಲಿಗೆಯ ತುದಿಯಲ್ಲಿತ್ತು. ಆಗ ಅವಳಿಗೆ ಕಂಡದ್ದು ಇದು: ಬಾಳೆಹೊನ್ನೂರಿನ ಕಡೆ ಚರ್ಚಿಗೆ ಬರುವ ಟೀಚರು ಹುಡುಗಿಯರು ಇದ್ದೇ ಇರುತ್ತಾರೆ. ಒಬ್ಬಳೋ ಇಬ್ಬರೋ. ನಾಳೆಯಿಂದ ಜನ ಅವರ ಕೈ ನೋಡುತ್ತಾರೆ, ನಡುಗುತ್ತದೆಯೇ ಅಂತ. ಒಂದು ಮನೆಯ ಬೆಂಕಿ ಆರಿಸಲು ಇನ್ನೊಂದು ಮನೆಯ ಸೂರು ಕಿತ್ತಂತೆ.

ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು. ಅದನ್ನು ಪಕ್ಕಕ್ಕೆ ಸರಿಸಿದಳು.

"ಬೇರೆ ಹುಡುಗಿ ಇಲ್ಲ ಸಾರ್," ಅಂದಳು ಕೊನೆಗೆ. "ಸುಳ್ಳು ಹೇಳಿದೆ. ನಾನು ಯಾರ ವಿಷಯ ಹೇಳಿದೆನೋ ಅದು ನನ್ನದಲ್ಲ, ನಾನು ಆಡಬಾರದಿತ್ತು. ರೆನಿಟಾ ಪಾಠ ಹೇಗೆ ಮಾಡ್ತಾಳೆ ಅನ್ನೋದು ನೀವು ಕಣ್ಣಾರೆ ನೋಡಿದೀರಿ. ಅದನ್ನ ನೋಡಿ ತೀರ್ಮಾನ ಮಾಡಿ. ಉಳಿದದ್ದು ಕೇಳಬೇಕಾದ್ರೆ ಅವಳನ್ನೇ ಕೇಳಿ."

ಪ್ರಸನ್ನಕುಮಾರ್ ಪೆನ್ನಿನ ಮುಚ್ಚಳ ಹಾಕಿದರು. "ಅಂದರೆ, ವಿಷಯ ನಿಜ ಅಂತಾಯ್ತು."

"ನಾನು ಹಾಗೆ ಹೇಳಲಿಲ್ಲ."

"ಇಲ್ಲ ಅಂತಲೂ ಹೇಳಲಿಲ್ಲವಲ್ಲ ಅಮ್ಮ."

ಅವರು ಎದ್ದು ಕೈ ಮುಗಿದರು. ಅವಳು ಹೊರಗೆ ಬಂದಾಗ ಮಕ್ಕಳು ಒಂದೇ ದನಿಯಲ್ಲಿ ಮಗ್ಗಿ ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನವರೆಗೆ ಅದು ಕಿವಿಯಲ್ಲೇ ಇತ್ತು.

ಅಂದು ಸಂಜೆ ರೆನಿಟಾಳ ಫೋನು ಬಂತು. ಮೊದಲ ಸಲ ಅವಳ ದನಿ ಏರಿತ್ತು. "ಮತ್ತೆ ಹೋಗಿ ಮಾತಾಡಿದ್ರಾ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ? ನಾನೇ ಸೋಮವಾರ ಹೋಗಿ ಅವರ ಹತ್ರ ಕೂತು ಮಾತಾಡೋದು ಅಂತಿದ್ದೆ. ಡಾಕ್ಟರ ಹತ್ರ ಮಾತಾಡಿಸ್ತೀನಿ ಅಂತಿದ್ದೆ. ಈಗ ಕೆಲಸದಿಂದ ತೆಗೆದ ಆರ್ಡರ್ ಕೊಟ್ಟೇ ಬಿಟ್ರು."

"ನಾನು ಬಾಗಿಲು ತಟ್ಟಿದೆ ಮಗಾ, ನೀನು..."

"ಬಾಗಿಲು ತೆರೆಯೋವರೆಗೆ ಕಾಯಬೇಕಿತ್ತು." ಅವಳ ದನಿ ಇಳಿಯಿತು. "ಒಂದು ಕೇಳ್ತೀನಿ, ಕೊಡ್ತೀರಾ? ಇನ್ನು ನನ್ನ ವಿಷಯ ಎಲ್ಲೂ ಎತ್ತಬೇಡಿ. ಕೆಟ್ಟದ್ದು ಬೇಡ, ಒಳ್ಳೇದೂ ಬೇಡ. ನನ್ನ ಪರವಾಗಿ ಜಗಳ ಆಡೋದೂ ಬೇಡ."

"ಆಯ್ತು," ಅಂದಳು ಸೆವ್ರಿನ್ ಬಾಯಿ.

ಆಯ್ತು ಅನ್ನುವುದು ಸುಲಭ. ಬೀದಿಯಲ್ಲಿ, ಚರ್ಚಿನ ಅಂಗಳದಲ್ಲಿ, ಅಂಗಡಿಯ ಕಟ್ಟೆಯಲ್ಲಿ ಜನ ಕೇಳುತ್ತಿದ್ದರು. ಹುಡುಗಿಗೆ ಹೇಗಿದೆ, ಯಾಕೆ ಹಾಗಾಯ್ತಂತೆ, ಯಾರನ್ನೋ ಪ್ರೀತಿಸಿದ್ದಳಂತೆ ಹೌದಾ. ಅದಲ್ಲ, ಅವಳು ಬಂಗಾರದಂಥ ಹುಡುಗಿ ಅಂತ ಕಿರುಚಬೇಕು ಅನ್ನಿಸುತ್ತಿತ್ತು. ಕಿರುಚಿದರೆ ಅದೂ ಒಂದು ಕಥೆಯಾಗುತ್ತದೆ. ಬಾಯಿ ಬಿಗಿಹಿಡಿದರೆ, ಸೆವ್ರಿನ್ ಬಾಯಿಯೇ ಸುಮ್ಮನಾದಳು, ಅಂದರೆ ಒಳಗೆ ಇನ್ನೇನೋ ಇದೆ ಅನ್ನುತ್ತಿದ್ದರು. ಮಾತಿಗೂ ಏಟು, ಮೌನಕ್ಕೂ ಏಟು. ಏಟು ಬೀಳುತ್ತಿದ್ದದ್ದು ಮಾತ್ರ ತನಗಲ್ಲ.

ಪಾಸ್ಖದ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲಿನ ಕೂಟದಲ್ಲಿ, ಜಪಸರ ಮುಗಿದು ಬಿನ್ನಹದ ಹೊತ್ತು ಬಂದಾಗ, ಅಪೊಲಿನ್ ತಾನಾಗಿಯೇ ದನಿ ಎತ್ತಿದಳು. "ನಮ್ಮ ಆ ಟೀಚರ್ ಹುಡುಗಿಗೆ ಎಲ್ಲರೂ ಸೇರಿ ಪ್ರಾರ್ಥಿಸೋಣ. ಸೆವ್ರಿನ್ ಬಾಯಿ, ನೀವೇ ಹೇಳಿ, ನೀವು ಹೇಳಿದ್ರೆ ಚೆಂದ."

ಸೆಲೆಸ್ತಿನ್ ಬಂದಿದ್ದಳು. ಮುಖ ತೋರಿಸದೆ ಇರಬಾರದು ಅಂತ ಬಂದಳೋ ಏನೋ, ಬಾಗಿಲ ಬಳಿ ಕೂತಿದ್ದಳು. ಅವಳ ಕೈಯಲ್ಲಿದ್ದ ಜಪಮಾಲೆ ನಿಂತಿತು.

"ಬೇಡ," ಅಂದಳು ಸೆವ್ರಿನ್ ಬಾಯಿ.

"ಎಂತಕ್ಕೆ? ಪ್ರಾರ್ಥನೆಗೆ ಬೇಡ ಅಂತ ಇದೆಯಾ?"

ಎಲ್ಲರ ಕಣ್ಣು ಅವಳ ಮೇಲೆ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಮಾತು ಕೆರೆ ಕೋಡಿಬಿದ್ದ ಹಾಗೆ ಬರುತ್ತಿತ್ತು. ಈಗ ಒಂದೊಂದನ್ನೂ ಎತ್ತಿ ನೋಡಬೇಕಾಯಿತು. ಇದು ಯಾರಿಗೆ ತಾಗುತ್ತದೆ? ಇದರಲ್ಲಿ ಅವಳ ಸುಳಿವು ಇದೆಯೇ? ಇದು ಅಪೊಲಿನಳನ್ನು ಚುಚ್ಚಲು ಹೇಳುತ್ತಿರುವುದೇ? ಕೊನೆಯದಕ್ಕೆ ಹೌದು ಅಂತ ಒಳಗಿಂದ ಉತ್ತರ ಬಂತು, ಹಾಗಾಗಿ ಬಾಯಿಗೆ ಬಂದ ಮೊದಲ ಮಾತನ್ನು ನುಂಗಿದಳು.

"ಇಲ್ಲಿ ಇಲ್ಲದವರ ಕಷ್ಟವನ್ನ ಅವರನ್ನ ಕೇಳದೆ ನಾನು ಎತ್ತಿದೆ. ಅದು ಪ್ರಾರ್ಥನೆ ಆಗಿರಲಿಲ್ಲ. ಚಾಡಿಗೆ ದೇವರ ಹೆಸರಿನ ಬಟ್ಟೆ ತೊಡಿಸಿದ್ದೆ. ನಾನು ತಪ್ಪು ಮಾಡಿದೆ. ಯಾರಿಗೆ ತಪ್ಪು ಮಾಡಿದೆ ಅಂತ ಹೇಳಲ್ಲ. ಇನ್ನು ನಾನು ಬಿನ್ನಹ ಹೇಳಲ್ಲ."

ಅಪೊಲಿನಳ ದನಿ ಎದ್ದಿತು, "ಹಾಗಾದ್ರೆ ನಾವೆಲ್ಲ ಚಾಡಿ ಕೇಳೋಕೆ ಬಂದವರಾ?" ಅಂತ. ಒಬ್ಬರು ಹೌದಲ್ಲ ಅಂದರು, ಇನ್ನೊಬ್ಬರು ಇದು ಅತಿಯಾಯಿತು ಅಂದರು. ಚಹಾ ಕುಡಿಯದೆ ಎದ್ದು ಹೋದವರೂ ಇದ್ದರು. ಇಷ್ಟು ದಿನ ಅವಳು ನೋಡಿಕೊಳ್ಳುತ್ತಿದ್ದ ಕೂಟ ನಡೆಸುವ ಕೆಲಸ ಮುಂದಿನ ವಾರ ಬೇರೆಯವರಿಗೆ ಹೋಯಿತು. ಅದು ಅವಳಿಗೆ ನೋಯಲಿಲ್ಲ ಅಂತಲ್ಲ. ಹೊಲಿಗೆಗೆ ಬರುವವರೂ ಕಡಿಮೆಯಾದರು.

ಆ ಸಂಜೆ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುವಾಗ ಸೆಲೆಸ್ತಿನ್ ಪಕ್ಕದಲ್ಲಿ ನಿಂತಿದ್ದಳು. ಮುಖ ಬೇರೆ ಕಡೆ. "ನಾನು ಆಲಿಸು ಅಂದೆ ಸೆವ್ರಿನ್," ಅಂದಳು. "ಎಲ್ಲರಿಗಿಂತ ಗಟ್ಟಿಯಾಗಿ. ನನ್ನ ಮಗಳಿಗೇ ಅಂತ ಗೊತ್ತಿಲ್ಲದೆ. ನಿನಗೆ ಗೊತ್ತಿತ್ತು. ನಾನು ಅಳೋದನ್ನ ನೀನು ನೋಡ್ತಾ ಇದ್ದೆ." ಅಷ್ಟೇ ಹೇಳಿ ಇಳಿದು ಹೋದಳು.

ಸೆವ್ರಿನ್ ಬಾಯಿ ಕರೆಯಲಿಲ್ಲ.

ಜೂನಿನಲ್ಲಿ ರೆನಿಟಾಳಿಗೆ ಶೃಂಗೇರಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದ ದಿನವೇ ಅಲ್ಲಿಯ ಹೆಡ್‌ಮಿಸ್ಸಿಗೆ ತಾನೇ ಎಲ್ಲ ಹೇಳಿಬಿಟ್ಟಳಂತೆ, ಮಾತ್ರೆ ತಗೊಳ್ಳುತ್ತೇನೆ, ಹೀಗೆ ಹೀಗೆ ಇತ್ತು, ಈಗ ಹೀಗಿದೆ ಅಂತ. ಅವರು ಕೇಳಿಕೊಂಡು, ಸರಿ, ಸೋಮವಾರದಿಂದ ಬನ್ನಿ ಅಂದರಂತೆ. ಸಂಬಳ ಮೊದಲಿನದಕ್ಕಿಂತ ಕಡಿಮೆ, ಅಲ್ಲೇ ಒಂದು ರೂಮು ಮಾಡಿಕೊಂಡು ಇರಬೇಕು. ಇದನ್ನೆಲ್ಲ ಸೆವ್ರಿನ್ ಬಾಯಿಗೆ ಹೇಳಿದವರು ಮೂರನೆಯವರು. ಅವಳು ಕೇಳಿ, ಒಳ್ಳೇದು ಅಂತಲೂ ಅನ್ನದೆ, ಗುಂಡಿ ಕೂರಿಸುವುದನ್ನು ಮುಂದುವರಿಸಿದಳು. ಹೇಳಿದವರಿಗೆ ಅದು ಸೊಕ್ಕಿನ ಹಾಗೆ ಕಂಡಿತು.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಜನ ಹೊರಗೆ ಬರುವಾಗ, ರೆನಿಟಾ ಅಂಗಳ ದಾಟಿ ಅವಳ ಹತ್ತಿರ ಬಂದಳು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಹಳೆಯ ಸಲಿಗೆ ದನಿಯಲ್ಲಿ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಅಮ್ಮನಿಗೆ ಮೊಣಕಾಲು ನೋವು. ನಾನು ಈಗಲೇ ಶೃಂಗೇರಿ ಬಸ್ಸು ಹಿಡೀಬೇಕು. ಅವರನ್ನ ಮನೆವರೆಗೆ ಬಿಡ್ತೀರಾ?"

"ಬಿಡ್ತೀನಿ."

ರೆನಿಟಾ ಬ್ಯಾಗು ಹೆಗಲಿಗೇರಿಸಿ ಹೋದಳು.

ಇಬ್ಬರು ಹೆಂಗಸರು ಏರು ಹತ್ತಿದರು. ಸೆಲೆಸ್ತಿನ್ ಇವಳ ತೋಳು ಹಿಡಿಯಲಿಲ್ಲ, ಛತ್ರಿ ಊರಿಕೊಂಡು ನಡೆದಳು. ಬೇಕರಿ ಕಳೆಯಿತು, ಅಡಿಕೆ ಮಂಡಿ ಕಳೆಯಿತು. ಮಂಡಿಯ ಮುಂದಿನ ಕಟ್ಟೆಯ ಮೇಲೆ ಸೆಲೆಸ್ತಿನ್ ಕಾಲು ನೀವಿಕೊಳ್ಳುತ್ತ ಕೂತಳು. ಕೂತವಳು ತಾನಾಗಿಯೇ ಶುರು ಮಾಡಿದಳು. ಹೋದ ವಾರ ಶಿವಮೊಗ್ಗಕ್ಕೆ ಮಗಳ ಜೊತೆ ತಾನೂ ಹೋಗಿದ್ದು. ಡಾಕ್ಟರು ಒಳಗೆ ಕರೆದಾಗ ರೆನಿಟಾ, ಅಮ್ಮ ನೀನು ಹೊರಗೇ ಇರು ಅಂದದ್ದು. ಹೊರಗೆ ಕೂತು, ತನ್ನ ಮಗಳಿಗೆ ತಾನು ಯಾವಾಗ ಇಷ್ಟು ದೂರವಾದೆ ಅಂತ ಲೆಕ್ಕ ಹಾಕಿದ್ದು.

"ನಾನು ಒಳ್ಳೇ ತಾಯಿ ಅಂದ್ಕೊಂಡಿದ್ದೆ," ಅಂದಳು ಸೆಲೆಸ್ತಿನ್. "ನನಗೆ ಹೇಳಿದ್ರೆ ನಾನು ಮಲಗಿಬಿಡ್ತೀನಿ ಅಂತ ಮಗಳಿಗೆ ಹೆದರಿಕೆ ಇತ್ತಂತೆ. ನಿಜ. ಮಲಗ್ತಿದ್ದೆ."

ಸೆವ್ರಿನ್ ಬಾಯಿಯ ಎದೆಯಲ್ಲಿ ಸಾಂತ್ವನದ ಮಾತೊಂದು ಆಗಲೇ ರೂಪ ತಳೆದಿತ್ತು. ತಾಯಿ, ಮಗಳು, ಮುಚ್ಚಿದ ಬಾಗಿಲು, ಹೊರಗೆ ಕಾಯುವ ಪ್ರೀತಿ. ಚೆಂದದ ಮಾತು, ಹೇಳಿದರೆ ಸೆಲೆಸ್ತಿನ್ ಅಳುತ್ತಿದ್ದಳು. ಅವಳು ಅದನ್ನು ಹೇಳಲಿಲ್ಲ. ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ, ನಡುವೆ ಒಂದು ಗೇಣು ಬಿಟ್ಟು, ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಸೆಲೆಸ್ತಿನ್ ತಿರುಗಿ ನೋಡಿದಳು. "ಎಂತ, ಏನೂ ಹೇಳಲ್ವಾ?"

"ಕೇಳ್ತಾ ಇದೀನಿ."

ಸೆಲೆಸ್ತಿನ್ ನಂಬಿದಳೋ ಇಲ್ಲವೋ, ಗೊತ್ತಾಗಲಿಲ್ಲ. ರಸ್ತೆಯ ಕಡೆ ನೋಡುತ್ತ ಕೂತಳು. ಗುರುತಿನವರೊಬ್ಬರು ಸ್ಕೂಟರು ನಿಧಾನ ಮಾಡಿ ಇಬ್ಬರನ್ನೂ ಒಮ್ಮೆ ದಿಟ್ಟಿಸಿ ಮುಂದೆ ಹೋದರು. ಆಮೇಲೆ ಸೆಲೆಸ್ತಿನ್, ಮೊದಲಿಗಿಂತ ಮೆಲ್ಲಗೆ, ಶಿವಮೊಗ್ಗದ ಉಳಿದ ಮಾತನ್ನು ಹೇಳತೊಡಗಿದಳು.